ತುಂಬಿದ ಡೇರೆಯ ಸಾಲು

ಕುಕ್ಕರು ಮೂರು ಸೀಟಿ ಹೊಡೆದ ಕೂಡಲೇ ಗ್ಯಾಸ್ ಆರಿಸಿರೆಂದು ಮಾವನಿಗೆ ಹೇಳಿ ವಿದ್ಯಾಶ್ರೀ ಹೆದ್ದಾರಿಯ ಢಾಬಾಕ್ಕೆ ರೊಟ್ಟಿ ಕೊಡಲು ಹೋಗಿದ್ದಳು. ತಿರುಗಿ ಬರುವಾಗ ಓಣಿಯ ತಿರುವಿಗೇ ಸುಟ್ಟ ಬೇಳೆಯ ವಾಸನೆ ಮೂಗಿಗೆ ಬಡಿಯಿತು. ಓಡಿಬಂದು ನೋಡಿದರೆ ಕುಕ್ಕರು ಕೂಗಿ ಕೂಗಿ ಕರಕಲಾಗಿ ಕುಳಿತಿತ್ತು. ಪಡಸಾಲೆಯಲ್ಲಿ ಮೈಲಾರಪ್ಪ ಮಾಸ್ತರರು ತಮ್ಮ ಕಾಲಪೇಟಿಯ ಮುಂದೆ, ಎರಡೂ ಕಾಲಿನಿಂದ ಗಾಳಿ ತುಳಿಯುತ್ತ, ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಅಡುಗೆಮನೆಗೂ ಪಡಸಾಲೆಗೂ ನಡುವೆ ಇದ್ದದ್ದು ಒಂದು ಹಳೆಯ ಸೀರೆಯ ಪರದೆ.

"ಮಾವಾರ, ಸೀಟಿ ಕೇಳ್ಲಿಲ್ಲೇನ್ರಿ?"

"ಇನ್ನೂ ಒಂದೂ ಹೊಡದಿಲ್ಲಲ್ಲವಾ."

"ಒಂದೂ ಹೊಡದಿಲ್ಲ? ಬಾಜೂ ಮನಿಯವ್ರು ಬಾಗಿಲಿಗೆ ಬಂದ ನಿಂತಾರ!"

ಅಷ್ಟರಲ್ಲಿ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬಂದ ಗುತ್ತೆವ್ವ ಗಂಡನನ್ನೂ ಸೊಸೆಯನ್ನೂ ನೋಡಿ ನಕ್ಕಳು. "ಬಿಡ ತಂಗಿ. ಪೇಟಿ ಮುಂದ ಕುಂತಾಗ ನಾಟಕದ ಡೇರೇಕ್ಕ ಬೆಂಕಿ ಹತ್ತಿದ್ರೂ ಮಾಸ್ತರಗ ಗೊತ್ತಾಗಂಗಿಲ್ಲ. ಹಾನಗಲ್ಲ ಕ್ಯಾಂಪಿನಾಗ ಹತ್ತಿತ್ತು. ಮಂದಿ ಎಲ್ಲಾ ಹೊರಗ, ಇವರೊಬ್ಬರ ಒಳಗ."

"ಅದು ಸಣ್ಣ ಬೆಂಕಿ," ಎಂದರು ಮಾಸ್ತರರು ಗಂಭೀರವಾಗಿ.

ಆ ರಾತ್ರಿ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬಸ್ಸಿನ ಡ್ಯೂಟಿ ಮುಗಿಸಿ ಬಂದ ಹುಲಗೇಶ ತಾಟಿನ ತುಂಬ ಕಣ್ಣಾಡಿಸಿ, "ಯಾಕ, ಇವತ್ತ ಸಾರಿಗೆ ಸೀಟ ಸಿಗಲಿಲ್ಲೇನು?" ಎಂದ. ಹಿರೇಕೆರೂರು ಬಸ್ಸಿನ ಕಂಡಕ್ಟರ್ ಅವನು. ಮನೆಯಲ್ಲೂ ಅದೇ ಭಾಷೆ. ಎಲ್ಲರೂ ನಕ್ಕರು. ಮಾಸ್ತರರು ಮಾತ್ರ ಎಲ್ಲರ ಮುಖ ನೋಡಿಕೊಂಡು, ಒಂದು ಕ್ಷಣ ತಡವಾಗಿ ನಕ್ಕರು. ವಿದ್ಯಾಶ್ರೀಗೆ ಅದು ಆಗ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಶಿಗ್ಗಾಂವದ ಆ ಮನೆಯೇ ಸಣ್ಣದು, ಅದರ ಪಡಸಾಲೆಯ ಅರ್ಧವನ್ನು ಕಾಲಪೇಟಿ ತಿಂದಿತ್ತು. ಮೇಜಿನಷ್ಟು ಎತ್ತರದ, ಕಾಲಿನಿಂದ ಗಾಳಿ ತುಳಿಯುವ ದೊಡ್ಡ ಹಾರ್ಮೋನಿಯಂ. ನಾಟಕ ಕಂಪನಿಯ ಕಾಲಕ್ಕೆ ಜನ ಅದನ್ನು ಆರ್ಗನ್ ಎಂದೇ ಕರೆಯುತ್ತಿದ್ದರು. ತಡಸದ ಕೂಲಿಕಾರನ ಮಗ ಮೈಲಾರಪ್ಪ ಮೊದಲು ಕಂಪನಿ ಸೇರಿದ್ದು ಈ ಪೇಟಿ ಹೊರಲಿಕ್ಕೆ. ಆಮೇಲೆ ಅದರ ಧೂಳು ಒರೆಸಿದ, ಹಳೆಯ ಮಾಸ್ತರರು ಜ್ವರ ಬಂದು ಮಲಗಿದ ಒಂದು ರಾತ್ರಿ ಅದರ ಮುಂದೆ ಕುಳಿತ. ಮುಂದೆ ಇಪ್ಪತ್ತು ವರ್ಷ ಅಲ್ಲಿಂದ ಏಳಲಿಲ್ಲ.

ನಾಟಕ ಸುರುವಾಗುವ ಮೊದಲು ಅವರೊಬ್ಬರೇ ಅರ್ಧ ತಾಸು ನುಡಿಸುವ ಪದ್ಧತಿ ಬಿತ್ತು. ಹಿರೇಕೆರೂರಿನ ಸಂತೆಗೆ ಬಂದ ರೈತರು ಅದನ್ನು ಕೇಳುವುದಕ್ಕೇ ಕಡೆಯ ಬಸ್ಸು ಬಿಟ್ಟು ಕೂರುತ್ತಿದ್ದರು. ಸವಣೂರಿನವರು ಕಟ್ಟು ಕಟ್ಟು ವೀಳ್ಯದೆಲೆ ತಂದು ಪೇಟಿಯ ಮೇಲೆ ಇಟ್ಟು ಹೋಗುತ್ತಿದ್ದರು. ಕೇಳಿದವರ ಮಕ್ಕಳು ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಹುಲಗೇಶನನ್ನು ತಡೆದು, "ಆರ್ಗನ್ ಮಾಸ್ತರ ಮಗ ಅಲ್ಲೇನ್ರಿ?" ಎನ್ನುವುದುಂಟು. ಅವನಿಗೆ ಅದು ಹೆಮ್ಮೆಯೂ ಹೌದು, ಟಿಕೆಟ್ ಹರಿಯುವ ಗಡಿಬಿಡಿಯಲ್ಲಿ ತಾಪತ್ರಯವೂ ಹೌದು.

ಗುತ್ತೆವ್ವ ಅದೇ ಕಂಪನಿಯ ಹಾಡುವ ನಟಿ. ಈಗಲೂ ಗಂಡನನ್ನು ಮಾಸ್ತರ ಎಂದೇ ಕರೆಯುತ್ತಾಳೆ. ಕಂಪನಿ ಮಾಲೀಕ ಗುದ್ಲೆಪ್ಪ ಒಂದು ಕಟ್ಟಪ್ಪಣೆ ಮಾಡಿದ್ದ: ಬಣ್ಣ ಹಚ್ಚಿದವರು ಪರದೆಯ ಸಂದಿಯಿಂದ ಮಂದಿಯನ್ನು ಇಣುಕಿ ನೋಡಬಾರದು. ಮಂದಿ ಕಡಿಮೆ ಇದ್ದರೆ ನಟರ ಮೋರೆ ಇಳಿಯುತ್ತದೆ ಎಂದು ಅವನ ಹೆದರಿಕೆ. ಒಳಗಿದ್ದವರಿಗೆ ತಡೆಯದು. ಅದಕ್ಕೆ ಮಾಸ್ತರರು ಒಂದು ಉಪಾಯ ಮಾಡಿದರು. ಡೇರೆ ಪೂರಾ ತುಂಬಿದ ದಿನ ನಾಂದಿಗೆ ಮೊದಲು ಒಂದು ಸಾಲು ಹೆಚ್ಚು ನುಡಿಸುವುದು. ಕೆಳಗಿನ ಷಡ್ಜದಿಂದ ಹೊರಟು, ಅಲ್ಲಲ್ಲಿ ನಿಂತು, ಮೇಲಿನ ತುದಿಗೆ ಹೋಗಿ ಮುಟ್ಟುವ ಸಾಲು. ಅದು ಕೇಳಿದರೆ ಒಳಗೆ ಗೆಜ್ಜೆ ಕಟ್ಟುತ್ತಿದ್ದ ಗುತ್ತೆವ್ವನಿಗೆ ತಿಳಿಯುತ್ತಿತ್ತು, ಇವತ್ತು ಕಾಲಿಡಲು ಜಾಗವಿಲ್ಲ ಎಂದು.

ಕಡೆಗೆ ಕಂಪನಿ ಮುರಿದದ್ದು ಹಿರೇಕೆರೂರಿನಲ್ಲಿ. ಡೇರೆ ಒಬ್ಬನಿಗೆ, ಪರದೆಗಳು ಇನ್ನೊಬ್ಬನಿಗೆ, ಪೇಟಿ ಮಾಸ್ತರರಿಗೆ. ಗೋವಿನಜೋಳದ ಲಾರಿಯ ಚೀಲಗಳ ಮೇಲೆ ಅದನ್ನು ಏರಿಸಿ, ತಾವೂ ಏರಿ, ಹಾನಗಲ್ಲ ದಾಟುವತನಕ ಮಾಸ್ತರರು ನುಡಿಸಿಕೊಂಡೇ ಬಂದರಂತೆ. ಡ್ರೈವರನ ಬಾಜೂ ವರ್ಷದ ಕೂಸು ಹುಲಗೇಶನನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಗುತ್ತೆವ್ವ ಅಳುವುದೋ ನಗುವುದೋ ತಿಳಿಯದೆ ಬಂದಳಂತೆ. ಅಂದಿನಿಂದ ಮಾಸ್ತರರು ಪಾಠ ಹೇಳಿದರು. ತಾಲೂಕಿನ ಭಜನಿ ಮೇಳಗಳಲ್ಲಿ ಪೇಟಿ ಹಿಡಿದವರಲ್ಲಿ ಅರ್ಧ ಮಂದಿ ಅವರ ಕೈಯಲ್ಲಿ ಕಲಿತವರೇ. ತುಂಬಿದ ಡೇರೆಯ ಸಾಲನ್ನು ಮಾತ್ರ ಯಾರಿಗೂ ಕಲಿಸಲಿಲ್ಲ. ಅದು ಮನೆಯ ಸಾಲು. ಹುಲಗೇಶನಿಗೆ ನೌಕರಿ ಆದಾಗ ನುಡಿಸಿದ್ದರು, ಮೊಮ್ಮಗಳು ಸಮತಾ ಹುಟ್ಟಿದಾಗ ನುಡಿಸಿದ್ದರು.

ಆ ಸಮತಾ ಈಗ ಪಿಯುಸಿ ಮುಗಿಸಿದ್ದಳು. ಧಾರವಾಡದ ಸಂಗೀತ ಕಾಲೇಜಿಗೆ ಹೋಗಬೇಕೆಂಬ ಹಟ. ಅಲ್ಲಿ ಪರೀಕ್ಷೆಗೆ ಕೂರಿಸಿ, ಹಾಡಿಸಿ, ಆಮೇಲೆ ಸೀಟು ಕೊಡುತ್ತಾರೆ. ವಿದ್ಯಾಶ್ರೀಗೂ ಅದೇ ಒಂದು ಆಸೆ. ಹಂಚಿನ ಮುಂದೆ ತನ್ನ ಹಾಗೆ ಮಗಳು ಬೇಯಬಾರದು. ಪರೀಕ್ಷೆ ಮಳೆಗಾಲದ ಮೊದಲ ವಾರಗಳಲ್ಲಿ ಇತ್ತು. ಅದಕ್ಕೂ ಮೊದಲು ಧೈರ್ಯ ಬರಲಿ ಎಂದು ಹಾನಗಲ್ಲಿನಲ್ಲಿ ನಡೆದ ಒಂದು ಗಾಯನ ಸ್ಪರ್ಧೆಗೆ ಹುಡುಗಿಯನ್ನು ಕಳಿಸಿದರು.

ಸಂಜೆ ಸಮತಾ ಬಂದವಳೇ ನೆಟ್ಟಗೆ ಹಿತ್ತಲಿಗೆ ಹೋಗಿ ಕಾಲು ತೊಳೆಯುತ್ತ ನಿಂತಳು. ಎಷ್ಟು ಹೊತ್ತಾದರೂ ತೊಳೆಯುತ್ತಲೇ ಇದ್ದಳು.

"ನೀರ ಖಾಲಿ ಮಾಡ್ತೀಯೇನ? ಏನಾತು ಹೇಳು," ಎಂದಳು ವಿದ್ಯಾಶ್ರೀ.

"ನಂಬರ್ ಬರ್ಲಿಲ್ಲವ್ವಾ."

"ಬರದಿದ್ರ ಹೋಗ್ಲಿ. ಅದಕ್ಕ ಅಳ್ತಾರೇನು?"

"ಅದಕ್ಕಲ್ಲ." ಸಮತಾ ತಂಬಿಗೆ ಇಟ್ಟಳು. "ಜಡ್ಜ್ ಆಗಿದ್ದ ಅಕ್ಕಾರು ಬಾಜೂಕ್ಕ ಕರದ್ರು. ದನಿ ಛಲೋ ಐತಿ, ಆದ್ರ ಮ್ಯಾಲ ಹೋದಂಗ ಸ್ವರ ಏರತೈತಿ, ಬೇಸುರ ಆಗತೈತಿ ಅಂದ್ರು. ಯಾರ ಹತ್ರ ಕಲ್ತಿ ಅಂತ ಕೇಳಿದ್ರು."

"ನೀ ಏನಂದಿ?"

"ಫೋನ್ ನೋಡಿ ಕಲ್ತೇನ್ರಿ ಅಂದೆ."

ವಿದ್ಯಾಶ್ರೀಗೆ ಮಗಳ ಕಣ್ಣೀರಿಗಿಂತ ಆ ಒಂದು ಸುಳ್ಳು ಎದೆಗೆ ನಾಟಿತು.

ಊಟಕ್ಕೆ ಕುಳಿತಾಗ ಮಾಸ್ತರರೇ ಕೇಳಿದರು, "ಹ್ಯಾಂಗಾತು ತಂಗಿ ಹಾನಗಲ್ಲ?"

"ಛಲೋ ಆತಜ್ಜಾ. ನಂಬರ್ ಬರ್ಲಿಲ್ಲ ಅಷ್ಟ."

"ಮೈಕಿನ ದೋಷ ಇರಬೇಕು. ಹಾನಗಲ್ಲಿನಾಗ ಮೈಕ ಮೊದಲಿಂದ್ಲೂ ಕೆಟ್ಟ. ನಾವು ಮೈಕ ಇಲ್ಲದ ನಡಸ್ತಿದ್ವಿ. ಹೌದಿಲ್ಲೋ ಗುತ್ತೆವ್ವಾ?"

ಗುತ್ತೆವ್ವ ಪುಂಡಿಪಲ್ಯ ಬಡಿಸುತ್ತ "ಹೌದ್ರಿ" ಎಂದಳು, ತಾಟಿನ ಮೇಲಿನ ಕಣ್ಣು ತೆಗೆಯಲಿಲ್ಲ.

ಹುಲಗೇಶ ಸುಮ್ಮನಿರಲಾರದವನು. "ಅಪ್ಪಾ, ಆ ಪೇಟಿ ಹಳೇದಾತು. ಕೀಬೋರ್ಡ ಬರ್ತಾವ ಈಗ, ಬ್ಯಾಗಿನಾಗ ಹಿಡೀತೈತಿ. ಸಮತಾಗ ಒಂದ ಕೊಡಸೂಣು. ಪಡಸಾಲ್ಯಾಗ ಜಾಗಾನೂ ಆಗತೈತಿ."

"ಜಾಗಾ ಬೇಕಾಗಿದ್ರ ನನ್ನನ್ನ ಹೊರಗ ಹಾಕು."

"ನಾ ಏನಂದೆ, ನೀ ಏನ ಹೇಳಾಕತ್ತಿ?"

"ನೀ ಅಂದದ್ದು ಕೇಳೇತಿ! ಕಾಲಿಂದ ಗಾಳಿ ಕೊಡದ ಬರೂದು ನಾದ ಅಲ್ಲ, ಕರೆಂಟು. ಕರೆಂಟ ಹೋದ್ರ ಬಾಯಿ ಮುಚ್ಚತೈತಿ."

"ನಿಂದ ಅದೃಷ್ಟ ಯಪ್ಪಾ, ನಿಂದು ಕರೆಂಟ ಹೋದ್ರೂ ಮುಚ್ಚಂಗಿಲ್ಲ."

ಮಾಸ್ತರರು ಅರ್ಧ ರೊಟ್ಟಿ ಬಿಟ್ಟು ಎದ್ದು ಕೈತೊಳೆದರು. "ಉಣ್ಣೂ ಹೊತ್ತಿನಾಗ ನಿನಗ ಬೇಕಾಗಿತ್ತೇನು?" ಎಂದು ವಿದ್ಯಾಶ್ರೀ ಗಂಡನ ಮೇಲೆ ರೇಗಿದಳು. ಹುಲಗೇಶ, "ಖರೇ ಹೇಳಿದ್ರ ಈ ಮನ್ಯಾಗ ಇಳದ ಹೋಗಬೇಕಾಗತೈತಿ," ಎಂದು ಗೊಣಗಿದ.

ಅಲ್ಲಿಂದ ಮುಂದೆ ಸಮತಾ ಅಜ್ಜನ ಎದುರು ಪಾಠಕ್ಕೆ ಕೂರುವುದನ್ನು ತಪ್ಪಿಸತೊಡಗಿದಳು. ಒಂದು ದಿನ ತಲೆನೋವು, ಒಂದು ದಿನ ಗೆಳತಿಯ ಮನೆ. ಮಾಸ್ತರರು ಪೇಟಿಯ ಮುಚ್ಚಳ ತೆಗೆದು ಕಾದು ಕುಳಿತು, ಬೇರೆ ಹುಡುಗರು ಬಂದರೆ ಅವರಿಗೆ ಹೇಳಿಕೊಡುತ್ತಿದ್ದರು. ಅವರ ಪಾಠದ ರೀತಿ ಮೊದಲಿನಿಂದ ಒಂದೇ. ಹೊಸದಾಗಿ ಬಂದವರು ಪೇಟಿಯ ಮರದ ಮೇಲೆ ಅಂಗೈ ಇಟ್ಟು ಹಾಡಬೇಕು. ಹಾಡಿದ ಸ್ವರ ಪೇಟಿಯ ಸ್ವರಕ್ಕೆ ಕೂಡಿದರೆ ಮರ ತಣ್ಣಗಿರುತ್ತದೆ, ಕೂಡದಿದ್ದರೆ ಅಂಗೈಯ ಕೆಳಗೆ ಗುಂಯ್ ಗುಂಯ್ ಎಂದು ಅಲೆಯುತ್ತದೆ. "ಕಿವಿ ಸುಳ್ಳ ಹೇಳತೈತಿ, ಅಂಗೈ ಹೇಳಂಗಿಲ್ಲ," ಎನ್ನುವರು. ಸಮತಾಳೂ ಅಂಗೈ ಇಟ್ಟೇ ಕಲಿತವಳು. ಅವಳು ಹಾಡುವಾಗ ಆ ಮರ ಎಂದೂ ಅಲೆದದ್ದಿಲ್ಲ. ಹಾಗಾದರೆ ಹಾನಗಲ್ಲಿನಲ್ಲಿ ಬೇಸುರ ಆದದ್ದು ಹೇಗೆ? ವಿದ್ಯಾಶ್ರೀ ರೊಟ್ಟಿ ಬಡಿಯುತ್ತ ಅದನ್ನೇ ತಿರುವಿ ಹಾಕುತ್ತಿದ್ದಳು.

ಢಾಬಾದವರಿಗೆ ಮದುವೆ ಸೀಸನ್ನಿನ ಆರ್ಡರು ಬಂದಿತ್ತು. ಅತ್ತೆ ಸೊಸೆ ಎದುರುಬದುರು ಕೂತು ಬೆಳಿಗ್ಗೆಯಿಂದ ಬಡಿಯುವ ಕೆಲಸ. ಅತ್ತೆ ತಟ್ಟಿ ಕೊಟ್ಟದ್ದನ್ನು ಸೊಸೆ ಹಂಚಿಗೆ ಹಾಕಿ, ಒಣಗಿಸಿ, ಒಟ್ಟಬೇಕು. ಒಂದು ಮಧ್ಯಾಹ್ನ ಮಾಸ್ತರರು ಪಕ್ಕದ ಓಣಿಗೆ ಹೋಗಿದ್ದರು. ಸಮತಾ ಒಳಕೋಣೆಯಲ್ಲಿ ಫೋನಿನಲ್ಲಿ ತಂಬೂರಿ ಹಚ್ಚಿಕೊಂಡು ಸಣ್ಣ ದನಿಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಮೇಲಿನ ಗಂಧಾರಕ್ಕೆ ಹೋದಾಗ ಅಲ್ಲೇ ಎಡವಿ, ಮತ್ತೆ ಹಿಡಿದು, ಮತ್ತೆ ಎಡವುತ್ತಿದ್ದಳು.

ಆಗ ಎದುರಿನಿಂದ ರೊಟ್ಟಿ ತಟ್ಟುವ ಲಯಕ್ಕೆ ಸರಿಯಾಗಿ ಒಂದು ದನಿ ಬಂತು. ಗುತ್ತೆವ್ವ, ತಾನು ಹಾಡುತ್ತಿದ್ದೇನೆಂಬುದೇ ಗೊತ್ತಿಲ್ಲದ ಹಾಗೆ, ಮೊಮ್ಮಗಳು ಬಿಟ್ಟ ಸ್ವರವನ್ನು ಹೂವು ಎತ್ತಿದಂತೆ ಎತ್ತಿ ಅದರ ಜಾಗದಲ್ಲಿ ಇಟ್ಟಳು. ವಿದ್ಯಾಶ್ರೀಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆಯೇ ಉಳಿಯಿತು. ಈ ಮುದುಕಿ ಗಂಟಲು ಒಣಗಿತೆಂದು ಹೇಳಿ ಹಾಡುವುದನ್ನೇ ಬಿಟ್ಟಿದ್ದಳು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಗಂಡನ ಪೇಟಿಗೆ ಒಂದು ಪದ ಹಾಡುವುದು ಅವರ ಮನೆಯ ರೂಢಿಯಾಗಿತ್ತು. ಅದು ನಿಂತೇಹೋಗಿತ್ತು.

ಹೊರಗೆ ಮಾಸ್ತರರ ಚಪ್ಪಲಿಯ ಸಪ್ಪಳ. ಒಳಗೆ ಬಂದು ಪೇಟಿಯ ಮುಚ್ಚಳ ತೆಗೆದರು. ಮೊದಲ ಸ್ವರ ಏಳುತ್ತಿದ್ದಂತೆ ಗುತ್ತೆವ್ವನ ದನಿ ಟಕ್ಕನೆ ನಿಂತಿತು.

"ಅತ್ತಿ," ಎಂದಳು ವಿದ್ಯಾಶ್ರೀ.

"ರೊಟ್ಟಿ ಸುಡಾಕತ್ತೇತಿ ನೋಡು."

"ಸುಡಲಿ. ನಿಮ್ಮ ಗಂಟಲಾ ಒಣಗಿಲ್ಲ."

ಗುತ್ತೆವ್ವ ಹಿಟ್ಟಿನ ಕೈ ಒರೆಸಿಕೊಂಡಳು. ಪರದೆಯ ಕಡೆ ಒಮ್ಮೆ ನೋಡಿದಳು. ಆಚೆ ಪೇಟಿ ನುಡಿಯುತ್ತಲೇ ಇತ್ತು.

"ನಿನಗ ನೆನಪೈತೇನು, ಹಜರತಅಲಿ ತೀರ್ಕೊಂಡ ಮ್ಯಾಲ ಇವರು ಪೇಟಿ ಬಿಚ್ಚಿ ಕುಂತಿದ್ರಲ್ಲ?"

ವಿದ್ಯಾಶ್ರೀಗೆ ನೆನಪಿತ್ತು. ಸವಣೂರಿನ ಹಜರತಅಲಿ ಕಂಪನಿಯ ಕಾಲದ ಗೆಳೆಯ. ವರ್ಷಕ್ಕೊಮ್ಮೆ ದೀಪಾವಳಿಯ ನಂತರ ಬಂದು, ಪೇಟಿ ಬಿಚ್ಚಿ, ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳನ್ನು ಸಣ್ಣ ಕಾನಸಿನಿಂದ, ಅಂದರೆ ಅರದಿಂದ, ಕೆರೆದು ಸ್ವರ ಕೂಡಿಸಿ, ಉಂಡು ಹೋಗುವವನು. ಅವನು ತೀರಿಕೊಂಡ ವರ್ಷ ಮಾಸ್ತರರು, "ಪೇಟಿಗೆ ವಯಸ್ಸಾತು, ಮ್ಯಾಲಿನ ಸ್ವರ ಎಲ್ಲಾ ಕುಂತ ಬಿಟ್ಟಾವ," ಎಂದು ತಾವೇ ಕಾನಸು ಹಿಡಿದಿದ್ದರು. ದಿನಗಟ್ಟಲೆ ಕೆರೆದು, ಕೇಳಿ, ಕೆರೆದು, ಕೇಳಿ. ಈ ವಯಸ್ಸಿನಲ್ಲಿ ಎಂಥ ತಾಳ್ಮೆ ಎಂದು ಮನೆಮಂದಿಯೆಲ್ಲ ಕೊಂಡಾಡಿದ್ದರು.

"ಕುಂತದ್ದು ಪೇಟಿ ಸ್ವರ ಅಲ್ಲ ತಂಗಿ," ಎಂದಳು ಗುತ್ತೆವ್ವ. "ಮಾಸ್ತರ ಕಿವಿ. ಮ್ಯಾಲಿನ ಸ್ವರ ಅವರಿಗೆ ಬ್ಯಾರೇನ ಕೇಳಾಕತ್ತಾವ. ಸಾಲಲಿಲ್ಲ ಸಾಲಲಿಲ್ಲ ಅಂತ ಏರಿಸಿಕೋತ ಹೋದ್ರು. ಮೊದಲನೇ ದಿನ ಸಂಜೀಕ ಹಾಡಾಕ ನಿಂತೆ, ನನ್ನ ದನಿ ಅಲ್ಲಿಗೆ ಹೋಗವಲ್ದು. ಗಂಟಲಾ ಒಣಗೇತ್ರಿ ಅಂದೆ."

ಮಾವನಿಗೆ ಕೇಳದೇ ಹೋದ ಕುಕ್ಕರಿನ ಸೀಟಿ, ಹಾಲಿನವನ ಸೈಕಲ್ ಗಂಟೆ, ಪೇಟಿಯ ಮೇಲೆಯೇ ಇಟ್ಟರೂ ಎತ್ತದ ಫೋನು. ಒಂದೊಂದಾಗಿ ವಿದ್ಯಾಶ್ರೀಗೆ ಹೊಳೆಯಿತು. ಅದರ ಹಿಂದೆಯೇ ಸಿಟ್ಟು ಬಂತು.

"ಗೊತ್ತಿದ್ದೂ ಸುಮ್ಮನಿದ್ರಿ? ಹುಡುಗಿ ದಿನಾ ಅದರ ಜೋಡಿ ಹಾಡಿ ಹಾಡಿ ತಪ್ಪನ್ನ ಕಲ್ತಾಳ! ಮಂದಿ ಮುಂದ ತಲಿ ತಗ್ಗಿಸಿ ಬಂದಾಳ. ಅಜ್ಜನ ಹೆಸರ ಹೇಳಾಕ ನಾಚಿಕಿ ಪಟ್ಟಾಳ, ಗೊತ್ತೈತೇನ್ರಿ ನಿಮಗ?"

"ಹೆಸರ ಹೇಳಲಿಲ್ಲ?"

"ಇಲ್ಲ."

ಗುತ್ತೆವ್ವನ ಮುಖ ಇಳಿಯಿತು. ನಾದಿದ ಹಿಟ್ಟನ್ನೇ ಮತ್ತೆ ನಾದತೊಡಗಿದಳು.

"ಹ್ಯಾಂಗ ಹೇಳ್ಲಿ? ಬಾಣಂತನ ಮುಗಿಸಿ ರಂಗದ ಮ್ಯಾಲ ನಿಂತಾಗ ನನ್ನ ಸ್ವರ ದಿನಾ ತಪ್ತಿತ್ತು. ಮಂದಿಗೆ ಒಮ್ಮೆನೂ ಗೊತ್ತಾಗಾಕ ಕೊಡಲಿಲ್ಲ ಈ ಮನಶಾ. ನಾ ತಪ್ಪಿದಲ್ಲೆ ತಾನೂ ಬೇಕಂತ ತಪ್ಪಿಸಿ, ಮಾಲೀಕನ ಕಡೆ ತಾನ ಬೈಸ್ಕೊಂತಿದ್ದ. ನನ್ನ ಗಂಟಲಾನ ನೋಡಿಕೋತ ಕುಂತಿರ್ತಿದ್ದ, ಪೇಟಿ ಕಡೆ ನೋಡ್ತಿದ್ದಿಲ್ಲ. ಅಂಥಾವಗ ಹೋಗಿ, ನಿನ್ನ ಕಿವಿ ಹೋಗೇತಿ ಅಂತ ನಾ ಹೇಳ್ಲೇನು?"

"ನೀವು ಹೇಳ್ರಿ, ಇಲ್ಲಾಂದ್ರ ನಾ ಹೇಳ್ತೇನಿ."

"ನೀ ಬ್ಯಾಡ. ನಿನ್ನ ಬಾಯಿಂದ ಕೇಳಿದ್ರ ಸಾಯ್ತಾರ ಅವರು."

ಅದಾಗಿ ನಾಲ್ಕಾರು ದಿನ ಏನೂ ನಡೆಯಲಿಲ್ಲ. ಅತ್ತೆ ಸೊಸೆಯರ ನಡುವೆ ಉಪ್ಪು ಕೊಡು, ಹಿಟ್ಟು ಕೊಡು ಇಷ್ಟೇ ಮಾತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಸವಣೂರಿನ ಖಾರದ ತಿಂಡಿ ತಂದು ಎಲ್ಲರಿಗೂ ಹಂಚಿದ ಹುಲಗೇಶ, "ಏನ ಇಬ್ಬರೂ ಮೌನವ್ರತ ಹಿಡದೀರಿ? ಇದನ್ನ ತಿಂದ ಮ್ಯಾಲೂ ಬಾಯಿ ಬಿಡವಲ್ರಿ!" ಎಂದು ಚೇಷ್ಟೆ ಮಾಡಿ ನೋಡಿದ. ಯಾರೂ ನಗಲಿಲ್ಲ.

ಮೊದಲ ಮಳೆ ಬಂದ ಸಂಜೆ ಗುತ್ತೆವ್ವ ದೀಪ ಹಚ್ಚಿ, ತಲೆಗೆ ನೀರು ಸವರಿ ಬಾಚಿಕೊಂಡು ಪಡಸಾಲೆಗೆ ಬಂದಳು. ಪೇಟಿಯ ಬಲಗಡೆ, ಕಂಪನಿಯಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ಬಂದು ನಿಂತಳು.

"ಮಾಸ್ತರ, ಒಂದು ಪದಾ ಹಾಡ್ತೇನ್ರಿ."

ಮಾಸ್ತರರು ಮುಖ ನೋಡಿದರು. ಇಡೀ ಮೋರೆ ಹುಡುಗನದಾಯಿತು. "ಗಂಟಲಾ ಬಂತೇನ? ಶ್ರುತಿ ಕರಿ ನಾಕು ತಗೊಳ್ಲೇನು? ಇಳಸ್ಲೇನು?"

"ಕರಿ ನಾಕ ಇರಲಿ. ಸಮತಾ, ಬಾ ಇಲ್ಲೆ. ಅಂಗೈ ಇಡು."

ಸಮತಾ ಅಮ್ಮನ ಕಡೆ ನೋಡಿ, ಬಂದು ಮರದ ಮೇಲೆ ಅಂಗೈ ಇಟ್ಟಳು. ಹುಲಗೇಶ ಟಿ.ವಿ. ಆರಿಸಿದ. ಮಾಸ್ತರರ ಕಾಲು ತುಳಿಯತೊಡಗಿತು.

ವರ್ಷಗಟ್ಟಲೆ ಮುಚ್ಚಿಟ್ಟ ದನಿ. ಕೆಳಗೆ ತುಸು ಒರಟು, ಮೇಲೆ ಹೋದ ಹಾಗೆ ಹದ. ಅರ್ಧ ಪದದವರೆಗೆ ದನಿಯೂ ಪೇಟಿಯೂ ಒಂದೇ ಗಾಡಿಯ ಎರಡು ಎತ್ತಿನ ಹಾಗೆ ನಡೆದವು. ಆಮೇಲೆ ಗುತ್ತೆವ್ವ ಮೇಲಿನ ಗಂಧಾರಕ್ಕೆ ಹೋಗಿ ಅಲ್ಲಿ ನಿಂತಳು. ನಿಂತವಳು ಬಿಡಲಿಲ್ಲ. ಪೇಟಿಯ ಸ್ವರ ಅವಳ ಮೇಲುಗಡೆ, ಅವಳ ಸ್ವರ ಕೆಳಗಡೆ, ಎರಡೂ ಒಂದಕ್ಕೊಂದು ತಿಕ್ಕಿದವು. ಸಮತಾ ಬಿಸಿ ತಾಕಿದಂತೆ ಕೈ ತೆಗೆದಳು.

"ಇಳದೀ," ಎಂದರು ಮಾಸ್ತರರು ಮೆಲ್ಲಗೆ. "ಇರಲಿ, ರೂಢಿ ತಪ್ಪೇತಿ. ಏರಸು."

ಗುತ್ತೆವ್ವ ಉಸಿರು ತೆಗೆದುಕೊಂಡು ಮತ್ತೆ ಅದೇ ಜಾಗದಲ್ಲಿ ನಿಂತಳು. ಮಾಸ್ತರರು ಅವಳ ಗಂಟಲು ನೋಡಿದರು. ಕಂಪನಿಯಲ್ಲಿ ಅದೆಷ್ಟೋ ಸಾವಿರ ಸಲ ನೋಡಿದ ಗಂಟಲು. ತಪ್ಪುವಾಗ ಯಾವ ನರ ಎದ್ದು ಕಾಣುತ್ತದೆಂದು ಅವರಿಗೆ ಗೊತ್ತು. ಯಾವ ನರವೂ ಎದ್ದಿರಲಿಲ್ಲ. ಅವರ ಎಡಗೈ ತಾನಾಗಿ ಬಂದು ಮರದ ಮೇಲೆ ಕೂತಿತು. ಮರ ಅಲೆಯುತ್ತಿತ್ತು.

"ನಾ ಇಳದಿಲ್ರಿ ಮಾಸ್ತರ," ಎಂದಳು ಗುತ್ತೆವ್ವ.

ಗಾಳಿ ಮುಗಿದು ಪೇಟಿ ಉಸಿರು ಬಿಟ್ಟು ನಿಂತಿತು. ಹೊರಗೆ ಮಾಡಿನ ಪತ್ರಾಸಿನ ತಗಡಿನ ಮೇಲೆ ಮಳೆ. ಮಾಸ್ತರರು ಮರದ ಮೇಲಿನ ಕೈ ತೆಗೆದರು.

"ಯಾವಾಗಿಂದ?"

"ನೀವು ಕೆರದಾಗಿಂದ."

"ಅದಕ್ಕ ಹಾಡೂದು ಬಿಟ್ಟ್ಯಾ?"

ಗುತ್ತೆವ್ವ ತಲೆಯಾಡಿಸಿದಳು. ಮಾಸ್ತರರು ಮೊಮ್ಮಗಳ ಕಡೆ ತಿರುಗಿದರು. "ಹಾನಗಲ್ಲಿನಾಗ... ಮೈಕ ಅಲ್ಲ?"

"ಅಲ್ಲಜ್ಜಾ," ಎಂದಳು ಸಮತಾ.

ಮಾಸ್ತರರು ಪೇಟಿಯ ಮುಚ್ಚಳ ಹಾಕಿ, ಕಂಬಳಿ ಹೊದ್ದು ಮಲಗಿದರು. ಊಟಕ್ಕೆ ಕರೆದರೆ ಏಳಲಿಲ್ಲ. ಮರುದಿನವೂ ಚಹಾದ ಹೊರತು ಏನೂ ಮುಟ್ಟಲಿಲ್ಲ. ಪಾಠಕ್ಕೆ ಬಂದ ಹುಡುಗರನ್ನು, "ಮಾಸ್ತರಗ ಆರಾಮಿಲ್ಲ," ಎಂದು ವಿದ್ಯಾಶ್ರೀ ಬಾಗಿಲಿನಿಂದಲೇ ಕಳಿಸುತ್ತಿದ್ದಾಗ ಒಳಗಿನಿಂದ ಅವರ ದನಿ ಬಂತು.

"ಸುಳ್ಳ ಯಾಕ ಹೇಳ್ತೀ? ಮಾಸ್ತರ ಪೇಟಿ ಕೆಡಿಸ್ಯಾರ, ರಿಪೇರಿ ಆಗೂತನಕ ಬರಬ್ಯಾಡ್ರಿ ಅಂತ ಹೇಳು."

ಅವಳು ಒಳಗೆ ಬಂದು ನೋಡಿದರೆ ಮಾಸ್ತರರು ಗೋಡೆಗೊರಗಿ ಕೂತಿದ್ದರು. ಗುತ್ತೆವ್ವ ಮುಂದೆ ತಾಟು ಹಿಡಿದು ಕೂತಿದ್ದಳು.

"ಕಿವಿ ಹೋದದ್ದಕ್ಕ ಸಿಟ್ಟಿಲ್ಲ ನನಗ," ಎನ್ನುತ್ತಿದ್ದರು ಮಾಸ್ತರರು. "ಹೋಗತೈತಿ, ವಯಸ್ಸಾತು. ಇಷ್ಟ ದಿನಾ ನಿನ್ನ ಹಾಡಿಲ್ಲದ ಕುಂತೆನಲ್ಲ, ಅದನ್ನ ಯಾರ ತಿರುಗಿ ಕೊಡ್ತಾರ? ನೀ ಒಂದ ಮಾತ ಹೇಳಿದ್ರ ಆ ಪೇಟಿನ ಹಿತ್ತಲಕ್ಕ ಹಾಕ್ತಿದ್ನಿ, ನಿನ್ನ ಹಾಡ ಬಿಡ್ತಿದ್ದಿಲ್ಲ."

"ನೀವೂ ಹೇಳಿದ್ದಿಲ್ಲಲ್ರಿ, ನಾ ತಪ್ಪಿದಾಗ."

"ಅದು ಧಂದೆ."

"ಇದು ಸಂಸಾರ. ಉಣ್ರಿ ಈಗ."

ಮಾಸ್ತರರು ತುತ್ತು ಎತ್ತಿದರು. ಆಮೇಲೆ ಬಾಗಿಲಲ್ಲಿ ನಿಂತ ಮಗನ ಕಡೆ ತಿರುಗಿ, "ಹುಲಗ್ಯಾ, ಮುಬಶೀರಗ ಫೋನ್ ಹಚ್ಚು," ಎಂದರು.

ಮುಬಶೀರ ಹಜರತಅಲಿಯ ಮಗ. ಸವಣೂರಿನಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟವನು. ಅಪ್ಪನ ಕಾನಸುಗಳ ಚೀಲ ಹಿಡಿದು ಆ ಭಾನುವಾರವೇ ಬಂದ. ಪೇಟಿ ಬಿಚ್ಚಿ, ನಾಲಿಗೆಗಳನ್ನು ನೋಡಿ ತಲೆ ಕೆರೆದುಕೊಂಡ.

"ಚಾಚಾ, ಕೆರಿಯೋದು ಅಪ್ಪ ಕಲಿಸ್ಯಾನ್ರಿ. ಕೇಳೋದು ಕಲಿಸಲಿಲ್ಲ. ಎಲ್ಲಿಗೆ ನಿಲ್ಲಸ್ಬೇಕು ಅಂತ ನನಗ ತಿಳಿಯಂಗಿಲ್ಲ."

"ಅದಕ್ಕ ಇಕಿ ಇದಾಳ," ಎಂದು ಮಾಸ್ತರರು ಹೆಂಡತಿಯ ಕಡೆ ಕೈ ಮಾಡಿದರು. "ಇಕಿ ಗಂಟಲಾ ಎಲ್ಲಿ ನಿಲ್ಲತೈತೋ ಅಲ್ಲಿ ನಿಲ್ಲಸು. ಸಮತಾ, ನೀ ಸ್ವರದ ಮನಿ ಒತ್ತು, ಅಂಗೈ ಇಡು. ಮರ ಸುಮ್ಮನಾದ್ರ ಹೇಳು."

"ಮತ್ತ ನೀವ್ರಿ ಮಾವಾರ?" ಎಂದಳು ವಿದ್ಯಾಶ್ರೀ.

"ನಾ ಗಾಳಿ ಹಾಕ್ತೇನಿ."

ಹಾಗೆ ಆ ದಿನ ಕೆಲಸ ನಡೆಯಿತು. ಮುಬಶೀರ ಒಂದೊಂದೇ ನಾಲಿಗೆಯನ್ನು ಬುಡದಲ್ಲಿ ಚೂರು ಕೆರೆದು ಸ್ವರ ಇಳಿಸಿ ಹಾಕುವುದು, ಸಮತಾ ಒತ್ತುವುದು, ಗುತ್ತೆವ್ವ ಹಾಡಿ ಹಿಡಿಯುವುದು. ಮಾಸ್ತರರು ಬರೇ ತುಳಿಯುತ್ತ, ಹೆಂಡತಿಯ ಗಂಟಲು ನೋಡುತ್ತ ಕುಳಿತಿದ್ದರು. ಹುಲಗೇಶ ಬ್ಯಾಟರಿ ಹಿಡಿದು ನಿಂತು, "ಹೋಲ್ಡಾನ್... ರೈಟ್, ಮುಂದಿನ ಸ್ಟಾಪ್!" ಎಂದು ಕೂಗಿದಾಗ ಗುತ್ತೆವ್ವನಿಗೆ ನಗು ಬಂದು ಸ್ವರ ಕೆಟ್ಟಿತು. "ಅವನ್ನ ಇಳಸ್ರಿ ಮೊದಲ," ಎಂದಳು. ವಿದ್ಯಾಶ್ರೀ ಎಣ್ಣೆಗಾಯಿ, ಬಿಸಿ ರೊಟ್ಟಿ ಮಾಡಿದಳು. ಉಣ್ಣುವಾಗ ಮುಬಶೀರ ಕಿವಿಯ ಮಷಿನ್ನಿನ ಮಾತು ತೆಗೆದ. "ನಮ್ಮ ಅಂಗಡಿ ಬಾಜೂ ಒಬ್ಬಾವ ಹಾಕ್ಯಾನ್ರಿ ಚಾಚಾ, ಛಲೋ ಕೇಳತೈತಂತ."

"ಹಾಕ್ಕೊಂತೇನಿ," ಎಂದರು ಮಾಸ್ತರರು. "ಆದ್ರ ಹುಲಗ್ಯಾ ಡ್ಯೂಟಿಗೆ ಹೋದ ಮ್ಯಾಲ."

ಉಳಿದ ದಿನಗಳಲ್ಲಿ ಸಮತಾ ಅಜ್ಜಿಯ ಎದುರು ಕೂತು ಮೇಲಿನ ಸ್ವರಗಳನ್ನು ಮೊದಲಿನಿಂದ ಕಲಿತಳು. ರೊಟ್ಟಿ ಬಡಿಯುವ ಹೊತ್ತಿಗೇ ಪಾಠ. ತಪ್ಪಿದರೆ ಗುತ್ತೆವ್ವ ಹಿಟ್ಟಿನ ಕೈಯಿಂದಲೇ ಅವಳ ಮೊಣಕಾಲಿಗೆ ಬಡಿಯುವಳು. ಲಂಗದ ತುಂಬ ಬಿಳಿ ಬೆರಳಿನ ಗುರುತು. ದಿನ ಕಳೆದಂತೆ ಗುರುತು ಕಡಿಮೆಯಾದವು.

ಪರೀಕ್ಷೆಯ ದಿನ ಹುಲಗೇಶ ರಜೆ ಹಾಕಿ ಮಗಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದ. ಹೊರಡುವಾಗ ಮಾಸ್ತರರು ಮೊಮ್ಮಗಳಿಗೆ ಏನೂ ಹೇಳಲಿಲ್ಲ. ಅವಳ ಬಲ ಅಂಗೈಯನ್ನು ತಮ್ಮ ಅಂಗೈಯಲ್ಲಿ ಹಿಡಿದು ಬಿಟ್ಟರು. ಮನೆಯಲ್ಲಿ ಉಳಿದವರು ಮೂವರು. ಮಧ್ಯಾಹ್ನ ಕಳೆಯಿತು, ಮಳೆ ಬಂದು ನಿಂತಿತು. ವಿದ್ಯಾಶ್ರೀ ಬೇಳೆ ಇಟ್ಟು ಕುಕ್ಕರು ಮುಚ್ಚಿದಳು. ಮಾಸ್ತರರು ಮುಚ್ಚಿದ ಪೇಟಿಯ ಮುಂದೆ ಕುಳಿತೇ ಇದ್ದರು, ಪೇಟಿಯ ಮೇಲೆ ಫೋನು ಇಟ್ಟುಕೊಂಡು. ಅದು ಗಂಟೆ ಬಾರಿಸತೊಡಗಿತು. ಅವರು ಬಾಗಿಲ ಆಚೆ ನೋಡುತ್ತಿದ್ದರು.

ವಿದ್ಯಾಶ್ರೀ ಓಡಿಬಂದು ಎತ್ತಿಕೊಂಡಳು.

"ಅವ್ವಾ, ತಗೊಂಡಾರ! ಈಗಷ್ಟ ಹೇಳಿದ್ರು, ಸೀಟ ಸಿಕ್ತು!" ಆಚೆ ಸಮತಾ ಅಳುತ್ತಿದ್ದಳೋ ನಗುತ್ತಿದ್ದಳೋ. "ಯಾರ ಹತ್ರ ಕಲ್ತಿ ಅಂತ ಕೇಳಿದ್ರವ್ವಾ."

"ಮತ್ತ?"

"ಹೆಸರ ಹೇ‍ಳಿದೆ. ಇಬ್ಬರದೂ."

ವಿದ್ಯಾಶ್ರೀ ಮಾವನ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಲು ಬಾಯಿ ತೆಗೆದಳು. ಹಿಂದಿನಿಂದ ಗುತ್ತೆವ್ವ ಬಂದು ಅವಳ ಭುಜ ಹಿಡಿದು ತಡೆದಳು. ಸೆರಗಿಗೆ ಕೈ ಒರೆಸಿಕೊಂಡು, ಪೇಟಿಯ ಬಲಗಡೆ, ತನ್ನ ಜಾಗದಲ್ಲಿ ಹೋಗಿ ನಿಂತಳು. ಮಾಸ್ತರರು ತಲೆ ಎತ್ತಿದರು. ಅವಳು ಹಾಡಿದಳು. ಪದವಲ್ಲ, ಮಾತಿಲ್ಲದ ಒಂದು ಸಾಲು. ಕೆಳಗಿನ ಷಡ್ಜದಿಂದ ಹೊರಟು, ಅಲ್ಲಲ್ಲಿ ನಿಂತು, ಮೇಲಕ್ಕೆ, ಇನ್ನೂ ಮೇಲಕ್ಕೆ.

ಮೇಲಿನ ತುದಿ ಅವರಿಗೆ ಎಷ್ಟು ಕೇಳಿತೋ ದೇವರೇ ಬಲ್ಲ. ಕಣ್ಣು ಮಾತ್ರ ಅವಳ ಗಂಟಲನ್ನು ಬಿಡಲಿಲ್ಲ.

"ತುಂಬೇತೇನ?" ಎಂದರು.

"ಕಾಲಿಡಾಕ ಜಾಗಾ ಇಲ್ರಿ ಮಾಸ್ತರ."

ಮಾಸ್ತರರು ಮುಚ್ಚಳ ತೆಗೆದರು. ಕಾಲು ತುಳಿಯಿತು. ಪೇಟಿ ದನಿ ತೆಗೆದು ಅವಳನ್ನು ಹಿಡಿಯಲು ಹೊರಟಿತು. ವಿದ್ಯಾಶ್ರೀ ಕಣ್ಣು ಒರೆಸಿಕೊಂಡು ಅಂಗೈಯನ್ನು ಮರದ ಮೇಲೆ ಇಟ್ಟಳು.

ಒಳಗೆ ಕುಕ್ಕರು ಮೂರನೇ ಸೀಟಿ ಹೊಡೆಯಿತು. ಮೂವರಲ್ಲಿ ಯಾರೂ ಅತ್ತ ಹೋಗಲಿಲ್ಲ.